ಸಂಸದರೇ, ಆ ಫೋಟೋ ಮೇಲೆ ‘ತಿದ್ದಿದ್ದು’ ಅಂತ ಬರೆಸಿ

ಉತ್ತರ ಕನ್ನಡದ ಮಾನ್ಯ ಸಂಸದರಿಗೆ,
ನಮಸ್ಕಾರ.

ಶಿರಸಿಯಲ್ಲಿ 22 ವರ್ಷದಿಂದ ಬ್ಲೌಸು, ಚೂಡಿದಾರ ಹೊಲಿಯುತ್ತಿದ್ದೇನೆ. ಮೊದಲೆಲ್ಲ ಹುಡುಗಿಯರು ಅಳತೆಗೆ ಹಳೇ ಬ್ಲೌಸು ತರುತ್ತಿದ್ದರು. ಈಗ ಮೊಬೈಲು ತರುತ್ತಾರೆ. ಅದರಲ್ಲಿ ಕತ್ತಿನೆಲುಬು ಎದ್ದ ಒಬ್ಬಳು ಮಾಡೆಲ್. “ಆಂಟಿ, ನಂಗೂ ಹೀಗೇ ಕೂರ್ಬೇಕು.” ಬೆನ್ನ ಹಿಂದೆ ಪಿನ್ನು ಹಾಕಿ ಬಟ್ಟೆ ಎಳೆದಿರುತ್ತಾರೆ, ಮತ್ತೆ ಕಂಪ್ಯೂಟರಿನಲ್ಲಿ ಸೊಂಟ ಸವರಿರುತ್ತಾರೆ ಅಂದರೆ ನಗುತ್ತಾರೆ.

ಕಳೆದ ವರ್ಷ ಒಬ್ಬ ಹುಡುಗಿ ಮದುವೆ ಲೆಹೆಂಗಾ ಹೊಲಿಸಲು ಬಂದಳು. ಟೇಪು 29 ಇಂಚು ತೋರಿಸಿತು. “25ಕ್ಕೆ ಹೊಲೀರಿ, ಒಂದೂವರೆ ತಿಂಗಳಿದೆ, ಇಳಿಸ್ತೀನಿ” ಅಂದಳು. ನಾನು ಬಾಯಿ ಮುಚ್ಚಿಕೊಂಡು ಒಳಗೆ ನಾಲ್ಕು ಇಂಚು ಮಾರ್ಜಿನ್ ಬಿಟ್ಟೆ. ಟ್ರಯಲ್ ದಿನ ಕನ್ನಡಿ ಮುಂದೆ ನಿಂತವಳು ಹಾಗೇ ಕುಸಿದಳು. ಎರಡು ದಿನದಿಂದ ಸೌತೆಕಾಯಿ, ಗ್ರೀನ್ ಟೀ ಅಷ್ಟೇ ಅಂತೆ. ಬೆಲ್ಲದ ನೀರು ಕುಡಿಸಿದೆ. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, “ಹುಕ್ಕು ಬಿತ್ತಾ ಆಂಟಿ?”

ನನ್ನ ಮಗಳೂ ಹತ್ತನೇ ಕ್ಲಾಸು. ತೆಳ್ಳೇವು (ನಮ್ಮ ಕಡೆಯ ತೆಳು ದೋಸೆ) ಅಂದರೆ ಪ್ರಾಣ ಬಿಡುತ್ತಿದ್ದವಳು ಈಗ ಅರ್ಧ ಮುರಿದು ನಾಯಿಗೆ ಹಾಕುತ್ತಾಳೆ.

ಮಾಡೆಲ್‌ಗಳಾದರೂ ಸುಖವಾಗಿದ್ದಾರಾ? 2006ರಲ್ಲಿ ಬ್ರೆಜಿಲ್‌ನ ಅನಾ ಕೆರೊಲಿನಾ ರೆಸ್ಟನ್ ಊಟ ಬಿಟ್ಟೂ ಬಿಟ್ಟೂ ತೀರಿಕೊಂಡಳು. ಬರೀ 21 ವರ್ಷ, ತೂಕ ಸುಮಾರು 40 ಕೆ.ಜಿ. ಇಸ್ರೇಲ್ 2012ರಲ್ಲೇ ಕಾನೂನು ಮಾಡಿತು, ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕ, 18.5ಕ್ಕಿಂತ ಕಮ್ಮಿ ಇದ್ದವರನ್ನು ಜಾಹೀರಾತಿಗೆ ನಿಲ್ಲಿಸಬಾರದು ಅಂತ. ಫ್ರಾನ್ಸಿನಲ್ಲಿ 2017ರಿಂದ ಮಾಡೆಲ್‌ಗೆ ಡಾಕ್ಟರ್ ಸರ್ಟಿಫಿಕೇಟು ಬೇಕು, ಮೈ ತಿದ್ದಿದ ಫೋಟೋ ಮೇಲೆ ಹಾಗಂತ ಬರೆಯಲೂ ಬೇಕು. ನಮ್ಮಲ್ಲೂ 2019ರ ಗ್ರಾಹಕರ ಕಾಯ್ದೆ ಇದೆ, ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷದವರೆಗೆ ದಂಡ. ಕಾಯ್ದೆ ಮಾಡುವ ಮನೆಯಲ್ಲೇ ಕೂರುವ ತಮಗೆ ನಾನೇನು ಹೇಳುವುದು! ಇಲ್ಲದ ಸೊಂಟ ತೋರಿಸುವುದು ದಾರಿ ತಪ್ಪಿಸುವುದಲ್ವಾ?

ಇಂಥ ಫೋಟೋ ಇರುವ ಒಂದು ಹೋರ್ಡಿಂಗ್ ಬಗ್ಗೆ ಇಲ್ಲಿಯ ಕಚೇರಿಯೊಂದರಲ್ಲಿ ಕೇಳಿದೆ. “ಪರ್ಮಿಷನ್ ಇದೆ, ಕಂಬ ಗಟ್ಟಿ ಇದೆ, ಇನ್ನೇನಮ್ಮಾ?” ಅಂದರು. ಹೌದು, ಕಂಬ ಗಟ್ಟಿಯೇ ಇದೆ. ಬೀಳುತ್ತಿರುವುದು ನಮ್ಮ ಮಕ್ಕಳು.

ನಾನು ಕೇಳುವುದು ಜಾಸ್ತಿ ಏನಲ್ಲ. ತಿದ್ದಿದ ಫೋಟೋ ಮೇಲೆ ‘ತಿದ್ದಿದ್ದು’ ಅಂತ ಕನ್ನಡದಲ್ಲಿ, ದೊಡ್ಡದಾಗಿ ಬರೆಸಿ. ಸಂಸತ್ತಿನಲ್ಲಿ ಕೇಳಿ, ಬರೆಸಿ. ರಾಜಕಾರಣಿಗಳ ಫ್ಲೆಕ್ಸಿಗೆ ಬೇಕಾದರೆ ವಿನಾಯಿತಿ ಕೊಡಿ, ಅಡ್ಡಿಯಿಲ್ಲ. ಹುಡುಗಿಯರು ನೋಡುವ ಫೋಟೋ ಮೇಲಾದರೂ ಬರೆಸಿ.

ಆ ಲೆಹೆಂಗಾ ಕೊನೆಗೆ ಬಿಚ್ಚಿ 28ಕ್ಕೆ ಹೊಲಿದೆ. ಮಾರ್ಜಿನ್ ಇತ್ತು, ಆಯ್ತು.

ಇಂತಿ,
ಶಿರಸಿಯ ಒಬ್ಬ ಟೇಲರಮ್ಮ