ಉಚ್ಚಾರಣೆಯ ಅಣಕ: ತಮಾಷೆ ಎಲ್ಲಿಗೆ ಮುಗಿಯುತ್ತದೆ?

ಮಾನ್ಯ ಸಂಪಾದಕರೇ,

ಒಂದು ಭಾಷೆಯನ್ನು ದೊಡ್ಡವರಾದ ಮೇಲೆ ಕಲಿತವರ ಉಚ್ಚಾರಣೆಯನ್ನು ಅಣಕಿಸಿ ನಗುವುದು ತಪ್ಪೇ ಎಂಬ ಚರ್ಚೆ ಎದ್ದಾಗಲೆಲ್ಲ ಎರಡು ಮಾತು ಕೇಳಿಬರುತ್ತವೆ. ‘ತಮಾಷೆಗೆ ಅಂದದ್ದು, ಇಷ್ಟಕ್ಕೆಲ್ಲ ಬೇಜಾರು ಮಾಡಿಕೊಂಡರೆ ಹೇಗೆ’ ಎನ್ನುವುದು ಒಂದು. ‘ಭಾಷೆಯ ವಿಷಯದಲ್ಲಿ ನಗಲೇಬಾರದು’ ಎನ್ನುವುದು ಇನ್ನೊಂದು. ವಯಸ್ಕರಿಗೆ ಎರಡನೇ ಭಾಷೆ ಕಲಿಸುವ ಕೆಲಸದಲ್ಲಿರುವ ನಾವು ಇವೆರಡನ್ನೂ ಒಪ್ಪುವುದಿಲ್ಲ. ಮಾತಾಡುವವರು ತಾವೇ ನಗೆಗೆ ದಾರಿ ಕೊಡದೆ ಇದ್ದಾಗ ಅವರ ಉಚ್ಚಾರಣೆಯನ್ನು ಅಣಕಿಸುವುದು ಅವಮಾನವೇ. ಅದರ ಜೊತೆಗೆ ಅವರು ಭಾಷೆ ಕಲಿಯುವ ದಾರಿಯನ್ನೂ ಅದು ಮುಚ್ಚುತ್ತದೆ. ಹೇಗೆ ಎಂಬುದನ್ನು ಕೊಂಚ ಬಿಡಿಸಿ ಹೇಳಲು ಅವಕಾಶ ಕೊಡಿ.

ಉಚ್ಚಾರಣೆ ತಪ್ಪಿದರೆ ನಾಲಿಗೆ ಹೊರಳುತ್ತಿಲ್ಲ, ಪ್ರಯತ್ನ ಸಾಲದು ಎಂದೇ ಹೆಚ್ಚಿನವರು ತಿಳಿಯುತ್ತಾರೆ. ಬಹಳಷ್ಟು ಸಲ ತೊಡಕು ಶುರುವಾಗುವುದು ಕಿವಿಯಲ್ಲಿ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಂಗ್ಲಿಷ್ ಮಾತಾಡುವ ಮನೆಗಳ ಶಿಶುಗಳಿಗೆ ಹಿಂದಿಯ ‘ತ’ ಮತ್ತು ‘ಟ’ ಕೇಳಿಸಲಾಯಿತು. 6ರಿಂದ 8 ತಿಂಗಳ ಕೂಸುಗಳಲ್ಲಿ ಹೆಚ್ಚಿನವು ಎರಡರ ವ್ಯತ್ಯಾಸವನ್ನು ಗುರುತಿಸಿದವು. 10ರಿಂದ 12 ತಿಂಗಳಾಗುವ ಹೊತ್ತಿಗೆ ಹೆಚ್ಚಿನವಕ್ಕೆ ಅದು ಆಗಲಿಲ್ಲ. ಮನೆಯ ಮಾತಿನಲ್ಲಿ ಅರ್ಥ ಬದಲಿಸದ ವ್ಯತ್ಯಾಸಗಳನ್ನು ಬದಿಗೆ ಸರಿಸಲು ಮಗು ಮೊದಲ ಹುಟ್ಟುಹಬ್ಬದೊಳಗೇ ಕಲಿತುಬಿಡುತ್ತದೆ. ಮೂವತ್ತು ವರ್ಷದ ಮೇಲೆ ಹೊಸ ಭಾಷೆಗೆ ಬಂದವರಿಗೆ ಆ ಎರಡು ಧ್ವನಿಗಳು ಮೊದಮೊದಲು ಒಂದೇ ಎಂಬಂತೆ ಕೇಳಿಸುತ್ತವೆ. ಬೇರೆಯಾಗಿ ಕೇಳಿಸದ್ದನ್ನು ಬೇರೆಯಾಗಿ ಉಚ್ಚರಿಸುವುದು ಹೇಗೆ?

ಕನ್ನಡ ಕಲಿಯುವವರು ಎಡವುವ ಜಾಗಗಳೂ ಹೀಗೆ ಮೊದಲೇ ಗೊತ್ತಾಗುವಂಥವು. ಶಿಷ್ಟ ಹಿಂದಿಯಲ್ಲಿ ಳಕಾರವಿಲ್ಲ, ಬಂಗಾಳಿಯಲ್ಲೂ ಇಲ್ಲ. ಆದ್ದರಿಂದ ‘ಬಳೆ’ ಹೋಗಿ ‘ಬಲೆ’ಯಾಗುತ್ತದೆ, ‘ಹಳ್ಳಿ’ ಹೋಗಿ ‘ಹಲ್ಲಿ’ಯಾಗುತ್ತದೆ. ‘ಹೇಳಿ’ ಎನ್ನುವಾಗ ಳಕಾರ ಜಾರಿದರೆ ಏನಾಗುತ್ತದೆಂದು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಅತಿ ಹೆಚ್ಚು ನಗು ಏಳುವುದು ಅಲ್ಲೇ, ಮಾತಾಡಿದವರಿಗೆ ಏಕೆಂದು ತಿಳಿಯದೆ ಇರುವುದೂ ಅಲ್ಲೇ. ಹಿಂದಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವ ದೀರ್ಘಗಳು ಅರ್ಥ ಬದಲಿಸುವುದಿಲ್ಲ. ಹಾಗಾಗಿ ‘ಕೊಡು’ ಎನ್ನುವುದು ‘ಕೋಡು’ ಆಗುತ್ತದೆ, ‘ಕೆರೆ’ ಎನ್ನುವುದು ‘ಕೇರೆ’ಯಾಗುತ್ತದೆ. ತಮಿಳಿನಲ್ಲಿ ಕ-ಗ ಎರಡಕ್ಕೂ ಒಂದೇ ಅಕ್ಷರ, ಅದು ಪದದಲ್ಲಿ ಎಲ್ಲಿದೆ ಎಂಬುದರ ಮೇಲೆ ಉಚ್ಚಾರಣೆ ನಿಂತಿದೆ. ಹಾಗಾಗಿ ‘ಗಾಳಿ’ಯ ಗಕಾರ ತಮಿಳರಿಗೆ ಕಷ್ಟವಾಗಬಹುದು. ಇವುಗಳಲ್ಲಿ ಒಂದೂ ಬುದ್ಧಿಯ ಕೊರತೆಯಲ್ಲ, ಕನ್ನಡದ ಮೇಲಿನ ಉದಾಸೀನವೂ ಅಲ್ಲ.

ಇಂಗ್ಲಿಷ್ ಮಾತಾಡುವಾಗ ನಾವೂ ಹೀಗೇ ಎಡವುತ್ತೇವೆ. ಇಂಗ್ಲಿಷಿನಲ್ಲಿ ಪದದ ಮೊದಲ ‘ಪ’ಕಾರದ ಬೆನ್ನಿಗೆ ಉಸಿರಿನ ಒಂದು ತಳ್ಳು ಇರುತ್ತದೆ, ನಮ್ಮ ಪಕಾರಕ್ಕೆ ಅದಿಲ್ಲ. ಆದ್ದರಿಂದ ನಾವು ‘ಪಿನ್’ ಎಂದದ್ದು ಇಂಗ್ಲಿಷ್ ಕಿವಿಗೆ ‘ಬಿನ್’ ಎಂದು ಬೀಳಬಹುದು. ಅವರಿಗೆ ಬೇರೆಬೇರೆಯಾದ ಎರಡು ‘ವ’ಗಳು (v ಮತ್ತು w) ನಮಗೆ ಒಂದೇ. ‘ರೆಕಾರ್ಡ್’ ಎಂಬ ಪದದಲ್ಲಿ ಮೊದಲ ಭಾಗಕ್ಕೆ ಒತ್ತು ಕೊಟ್ಟರೆ ಅದು ನಾಮಪದ, ಎರಡನೆಯದಕ್ಕೆ ಕೊಟ್ಟರೆ ಕ್ರಿಯಾಪದ. ಕನ್ನಡದಲ್ಲಿ ಒತ್ತಿಗೆ ಆ ಕೆಲಸ ಇಲ್ಲದ್ದರಿಂದ ನಾವು ಅದನ್ನು ಗಮನಿಸುವುದೇ ಇಲ್ಲ. ಇದಕ್ಕಾಗಿ ಯಾರಾದರೂ ನಮ್ಮನ್ನು ಆಡಿಕೊಂಡರೆ ಹೇಗಿರುತ್ತದೆ ಎಂದು ಅನೇಕ ಓದುಗರಿಗೆ ಗೊತ್ತು.

‘ಅಣಕವಲ್ಲ, ನಿಜಕ್ಕೂ ಅರ್ಥವಾಗುವುದಿಲ್ಲ’ ಎಂಬ ವಾದವನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಮರ್ರೆ ಮನ್ರೊ ಮತ್ತು ಟ್ರೇಸಿ ಡರ್ವಿಂಗ್ 1995ರ ಅಧ್ಯಯನದಲ್ಲಿ ಚೀನೀ ಮಾತೃಭಾಷೆಯವರ ಇಂಗ್ಲಿಷನ್ನು ಕೇಳಿಸಿ, ಕೇಳಿಸಿದ್ದನ್ನು ಬರೆಯಲು ಕೇಳುಗರಿಗೆ ಹೇಳಿದರು. ಎಷ್ಟೋ ವಾಕ್ಯಗಳನ್ನು ಒಂದು ಪದವೂ ತಪ್ಪದೆ ಬರೆದುಕೊಂಡವರೇ ಆ ವಾಕ್ಯಗಳ ಉಚ್ಚಾರಣೆ ತೀರಾ ಪರಕೀಯ ಎಂದು ಅಂಕ ಕೊಟ್ಟರು. ಉಚ್ಚಾರಣೆ ಬೇರೆಯಾಗಿರುವುದು, ಕೇಳಲು ಶ್ರಮವಾಗುವುದು, ಅರ್ಥವೇ ಆಗದಿರುವುದು ಮೂರೂ ಬೇರೆಬೇರೆ. ಮೊದಲನೆಯದನ್ನು ಕಂಡ ಕೂಡಲೇ ಮೂರನೆಯದೆಂದು ತೀರ್ಮಾನಿಸುವ ಅಭ್ಯಾಸ ನಮ್ಮಲ್ಲಿದೆ. ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಕಟುವಾದದ್ದು. ಇಂಗ್ಲಿಷ್ ತಾಯ್ನುಡಿಯ ಒಬ್ಬರೇ ಓದಿದ ಪಾಠದ ಧ್ವನಿಮುದ್ರಣವನ್ನು ಅಮೆರಿಕದ ವಿದ್ಯಾರ್ಥಿಗಳಿಗೆ ಕೇಳಿಸಿ, ಕೆಲವರಿಗೆ ಬಿಳಿಯ ಮಹಿಳೆಯ ಚಿತ್ರವನ್ನೂ ಕೆಲವರಿಗೆ ಏಷ್ಯಾದ ಮಹಿಳೆಯ ಚಿತ್ರವನ್ನೂ ತೋರಿಸಲಾಯಿತು. ದನಿ ಒಂದೇ ಆದರೂ ಎರಡನೇ ಗುಂಪಿನವರು ಪಾಠವನ್ನು ಕಡಿಮೆ ಗ್ರಹಿಸಿದರು. ‘ಅರ್ಥವಾಗಲಿಲ್ಲ’ ಎಂಬುದರಲ್ಲಿ ಕೇಳುಗರ ಪಾಲೂ ಇರುತ್ತದೆ.

ಕೇಳುಗರು ಮನಸ್ಸು ಮಾಡಿದರೆ ಬೇಗ ಹೊಂದಿಕೊಳ್ಳುತ್ತಾರೆ ಎಂಬುದೂ ಅಷ್ಟೇ ನಿಜ. ಪರಿಚಯವಿಲ್ಲದ ಉಚ್ಚಾರಣೆಗೆ ಕೇಳುಗರ ಕಿವಿ ಒಂದು ನಿಮಿಷದೊಳಗೆ ಪಳಗತೊಡಗುತ್ತದೆ ಎಂದು ಕಾನ್‌ಸ್ಟನ್ಸ್ ಕ್ಲಾರ್ಕ್ ಮತ್ತು ಮೆರಿಲ್ ಗ್ಯಾರೆಟ್ 2004ರಲ್ಲಿ ತೋರಿಸಿದ್ದಾರೆ. ಅಣಕ ನುಗ್ಗುವುದು ಸಾಮಾನ್ಯವಾಗಿ ಆ ಮೊದಲ ನಿಮಿಷದಲ್ಲೇ.

ನಗು ಬಿದ್ದ ಮೇಲೆ ಏನಾಗುತ್ತದೆ ಎಂಬುದನ್ನು ತರಗತಿಗಳಲ್ಲಿ ಸ್ಪಷ್ಟವಾಗಿ ಕಾಣಬಹುದು. ಮಾತಾಡುತ್ತಿದ್ದವರ ಗಮನ ವಿಷಯದಿಂದ ನಾಲಿಗೆಗೆ ಹೊರಳುತ್ತದೆ, ಮುಂದಿನ ವಾಕ್ಯ ತೊದಲುತ್ತದೆ. ಆಮೇಲೆ ಆ ಪದವನ್ನೇ ತಪ್ಪಿಸುತ್ತಾರೆ. ‘ಹೇಳಿ’ ಎನ್ನುವ ಕಡೆ ಕೈಸನ್ನೆ ಮಾಡುತ್ತಾರೆ ಅಥವಾ ಇಂಗ್ಲಿಷಿನ ಒಂದು ಪದ ಹಾಕುತ್ತಾರೆ. ವಾಕ್ಯಗಳು ಗಿಡ್ಡವಾಗುತ್ತವೆ, ಕಡೆಗೆ ಬೇರೆ ಭಾಷೆಗೆ ಹೊರಳುತ್ತಾರೆ. ಹಾಗೆ ಹೊರಳಿದವರನ್ನು ‘ಇಷ್ಟು ವರ್ಷವಾದರೂ ನಮ್ಮ ಭಾಷೆ ಕಲಿತಿಲ್ಲ’ ಎಂದು ದೂರುವವರಲ್ಲಿ ಅಂದು ನಕ್ಕವರೂ ಇರುತ್ತಾರೆ. ಇದರಲ್ಲಿ ಒಂದು ತಾಂತ್ರಿಕ ಅಂಶವಿದೆ. ಜಪಾನಿ ವಯಸ್ಕರಿಗೆ ಇಂಗ್ಲಿಷಿನ ರ-ಲ ವ್ಯತ್ಯಾಸ ಕಲಿಸಿದ ಪ್ರಯೋಗವೊಂದು 1991ರಲ್ಲಿ ಪ್ರಕಟವಾಯಿತು. ಹಲವು ಜನರ ದನಿಯಲ್ಲಿ, ಹಲವು ಪದಗಳಲ್ಲಿ ಆ ಧ್ವನಿಗಳನ್ನು ಸುಮಾರು ಮೂರು ವಾರ ಕೇಳಿಸಿದಾಗ ಅವರ ಗ್ರಹಿಕೆ ಸುಧಾರಿಸಿತು. ಅಂದರೆ ಕಿವಿ ತೆರೆಯಲು ಬೇಕಾದದ್ದು ಹಲವು ದನಿಗಳು. ತರಗತಿಯಲ್ಲಿ ಒಬ್ಬ ಶಿಕ್ಷಕರ ದನಿ ಮಾತ್ರ ಸಿಗುತ್ತದೆ, ಉಳಿದ ದನಿಗಳು ಹೊರಗಿನ ಜನರದ್ದು. ಅಣಕಿಸಿಕೊಂಡವರು ಮೊದಲು ಕಳೆದುಕೊಳ್ಳುವುದು ಅದನ್ನೇ.

ಶಿರಿ ಲೆವ್-ಆರಿ ಮತ್ತು ಬೋಅಜ್ ಕೈಸರ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಬಗೆಯ ಸಾಮಾನ್ಯ ಜ್ಞಾನದ ಹೇಳಿಕೆಗಳು ಪರಕೀಯ ಉಚ್ಚಾರಣೆಯಲ್ಲಿ ಬಂದಾಗ ಕೇಳುಗರು ಕಡಿಮೆ ನಂಬಿದರು. ಆಮೇಲಿನ ಎಲ್ಲ ಪ್ರಯೋಗಗಳಲ್ಲಿ ಇದೇ ಫಲ ಬಂದಿಲ್ಲ, ಹಾಗಾಗಿ ಇದನ್ನು ಕೊನೆಯ ಮಾತೆಂದು ನಾವು ಹೇಳುವುದಿಲ್ಲ. ಆದರೆ ಹಾಸ್ಯ ಪ್ರಸಂಗಗಳಲ್ಲಿ ಪರಭಾಷೆಯ ಪಾತ್ರವೆಂದರೆ ಪೆದ್ದ ಎಂದು ಮತ್ತೆಮತ್ತೆ ತೋರಿಸಿದಾಗ ಆ ಅಪನಂಬಿಕೆಗೆ ನೀರೆರೆದಂತೆಯೇ ಆಗುತ್ತದೆ. ಶ್ರೀಮಂತ ದೇಶದಿಂದ ಬಂದವರು ತೊದಲಿದರೆ ‘ಎಷ್ಟು ಮುದ್ದಾಗಿ ಮಾತಾಡುತ್ತಾರೆ’ ಎನ್ನುವವರೇ, ಕೂಲಿಗೆ ಬಂದವರು ಅದೇ ತಪ್ಪು ಮಾಡಿದಾಗ ಆಡಿಕೊಳ್ಳುತ್ತಾರೆ. ಧ್ವನಿ ಒಂದೇ ಆಗಿದ್ದು ನಗು ಎರಡು ಬಗೆಯದಾದರೆ, ಅದು ಧ್ವನಿಯ ಮೇಲಿನ ನಗುವಲ್ಲ. (ಹಕಾರ ಬಿಟ್ಟು ಮಾತಾಡುವ ಕನ್ನಡಿಗರನ್ನೇ ಆಡಿಕೊಳ್ಳುವ ಚಾಳಿಗೂ ಇದೇ ಮಾತು ಸಲ್ಲುತ್ತದೆ.)

ಹಾಗಾದರೆ ಯಾವ ನಗು ಸರಿ? ಮಾತಾಡಿದವರು ತಾವೇ ನಕ್ಕು, ತಾವೇ ಕತೆ ಮಾಡಿ ಹೇಳಿದರೆ ಜೊತೆಗೆ ನಗಬಹುದು. ‘ಕೆರೆ ದಾಟಿ ಬಂದೆ’ ಎನ್ನಲು ಹೋಗಿ ಕೇರೆ ಹಾವನ್ನು ದಾಟಿಬಂದಂತಾದಾಗ, ತಪ್ಪಿನಿಂದ ಹುಟ್ಟಿದ ಚಿತ್ರಕ್ಕೆ ನಗುವುದು ಬೇರೆ, ಅವರ ಧಾಟಿಯನ್ನು ನಕಲು ಮಾಡುವುದು ಬೇರೆ. ಮೊದಲನೆಯದು ಕ್ಷಣದಲ್ಲಿ ಮುಗಿಯುತ್ತದೆ, ಎರಡನೆಯದು ವ್ಯಕ್ತಿಗೆ ಅಂಟಿಕೊಳ್ಳುತ್ತದೆ. ಮೇಲಧಿಕಾರಿ, ಶಿಕ್ಷಕ, ಗಿರಾಕಿ ಇವರು ನಕ್ಕರೆ ಎದುರಿನವರು ಬೇಡ ಎನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಅವರೂ ನಗುತ್ತಿದ್ದಾರೆ ಎಂಬುದನ್ನು ಅಲ್ಲಿ ಒಪ್ಪಿಗೆ ಎಂದು ಎಣಿಸಬಾರದು. ಅಮೆರಿಕದ 1964ರ ನಾಗರಿಕ ಹಕ್ಕುಗಳ ಕಾಯಿದೆಯನ್ನು ಕೆಲಸದ ಜಾಗಗಳಲ್ಲಿ ಜಾರಿಗೊಳಿಸುವ ಆಯೋಗ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದಿದೆ. ಅಪರೂಪದ, ಲಘುವಾದ ಚುಡಾಯಿಸುವಿಕೆಯನ್ನು ಕಾನೂನು ತಡೆಯುವುದಿಲ್ಲ. ಉಚ್ಚಾರಣೆಯ ಮೇಲಿನ ಹೀನಾಯ ಮಾತು ಪದೇಪದೇ ಬಂದು ಅಥವಾ ತೀವ್ರವಾಗಿ ಕೆಲಸದ ವಾತಾವರಣವನ್ನೇ ಕೆಡಿಸಿದರೆ ಅದು ಕಿರುಕುಳ. ಉಚ್ಚಾರಣೆಯ ಕಾರಣಕ್ಕೆ ಕೆಲಸ ನಿರಾಕರಿಸಬೇಕಾದರೆ, ಆ ಉಚ್ಚಾರಣೆ ಕೆಲಸಕ್ಕೆ ನಿಜವಾಗಿ ಅಡ್ಡಿ ಮಾಡುವಂತಿರಬೇಕು. ಕಾನೂನು ಶಿಕ್ಷಿಸುವುದಿಲ್ಲ ಎಂದ ಮಾತ್ರಕ್ಕೆ ಸಣ್ಣ ಅಣಕ ಸಭ್ಯವಾಗುವುದಿಲ್ಲ, ನಿಜ. ಆದರೂ ಎಷ್ಟು ಸಲ, ಯಾರ ಮುಂದೆ ಎಂದು ಕೇಳಿಕೊಳ್ಳುವುದು ಒಳ್ಳೆಯ ಅಳತೆ.

ಅರ್ಥವಾಗದಿದ್ದಾಗ ಬರಿದೇ ‘ಏನು? ಏನು?’ ಎನ್ನಬೇಡಿ. ಎಲ್ಲಿ ತಪ್ಪಿತೆಂದು ಅದರಿಂದ ಅವರಿಗೆ ತಿಳಿಯುವುದಿಲ್ಲ, ಅದೇ ವಾಕ್ಯವನ್ನು ಅದೇ ರೀತಿ ಜೋರಾಗಿ ಹೇಳುತ್ತಾರೆ. ತಿಳಿದಷ್ಟನ್ನು ನೀವು ಹೇಳಿ, ತಿಳಿಯದ್ದನ್ನು ಮಾತ್ರ ಕೇಳಿ: ‘ನಾಳೆ ಬರ್ತೀರಿ, ಸರಿ. ಎಷ್ಟು ಗಂಟೆಗೆ ಅಂದಿರಿ?’ ಹೆಸರು, ಸಂಖ್ಯೆ, ವಿಳಾಸಗಳಿದ್ದರೆ ಬರೆಸಿಕೊಳ್ಳುವುದೇ ಲೇಸು. ಫೋನಿನಲ್ಲಿ ಬಾಯಿಯ ಚಲನೆ ಕಾಣದ ಕಾರಣ ಇದು ಇನ್ನೂ ಮುಖ್ಯ. ನೀವು ದನಿ ಏರಿಸುವುದರಿಂದ ಉಪಯೋಗವಿಲ್ಲ. ಪದಗಳ ನಡುವೆ ತುಸು ಬಿಡುವು ಕೊಟ್ಟರೆ ಉಪಯೋಗವಿದೆ.

ತಿದ್ದುವುದಾದರೆ ಮೊದಲು ‘ಹೇಳಬಹುದೇ’ ಎಂದು ಕೇಳಿ. ನಾಲ್ಕು ಜನರ ಮುಂದೆ ಬೇಡ. ಒಂದು ಸಲಕ್ಕೆ ಒಂದೇ ಧ್ವನಿ ಸಾಕು, ಅದೂ ಅರ್ಥ ಕೆಡಿಸುವಂಥದ್ದು. ಅವರು ‘ಬಲೆ ಬೇಕು’ ಎಂದರೆ ‘ಯಾವ ಬಣ್ಣದ ಬಳೆ?’ ಎಂದು ಸರಿಯಾದ ರೂಪವನ್ನು ನಿಮ್ಮ ಉತ್ತರದಲ್ಲಿ ಸೇರಿಸಿದರೆ ಮಾತೂ ನಿಲ್ಲುವುದಿಲ್ಲ. ಳಕಾರ ಕಲಿಸಲು ಒಳ್ಳೆಯ ದಾರಿ ಡಕಾರದಿಂದ ಹೊರಡುವುದು, ಅದು ಹಿಂದಿಯವರಿಗೆ ಬರುತ್ತದೆ. ‘ಡ’ ಎನ್ನಲು ನಾಲಿಗೆಯ ತುದಿ ಮೇಲೆ ಮಡಿಚಿ ತಾಗುವ ಜಾಗದಲ್ಲೇ ಅದನ್ನು ಹಿಡಿದು, ಉಸಿರನ್ನು ನಾಲಿಗೆಯ ಎರಡೂ ಬದಿಯಿಂದ ಬಿಡಲು ಹೇಳಿ. ಅದಕ್ಕೂ ಮುಂಚೆ ಬಲೆ-ಬಳೆ, ಹಲ್ಲಿ-ಹಳ್ಳಿ ಜೋಡಿಗಳನ್ನು ಬಾಯಿ ಮರೆಮಾಡಿಕೊಂಡು ಹೇಳಿ, ಯಾವುದು ಯಾವುದೆಂದು ಗುರುತಿಸಲು ಬಿಡಿ. ಹತ್ತರಲ್ಲಿ ಎಂಟಾದರೂ ಸರಿಯಾಗುವ ಮೊದಲು ಉಚ್ಚಾರಣೆಗೆ ಅವಸರಪಡಿಸಿದರೆ ಧ್ವನಿ ಬರುತ್ತದೆ, ನಿಲ್ಲುವುದಿಲ್ಲ.

ತಡೆಯದೆ ನಗು ಬಂದುಬಿಟ್ಟರೆ ಕಾರಣವನ್ನು ಹೇಳಿಬಿಡಿ. ‘ಕ್ಷಮಿಸಿ, ಆ ಪದಕ್ಕೆ ಇನ್ನೊಂದು ಅರ್ಥವಿದೆ, ಆಮೇಲೆ ಹೇಳ್ತೀನಿ, ನೀವು ಮುಂದುವರಿಸಿ’ ಎಂದರೆ ಸಾಕು. ಕಾರಣ ತಿಳಿಯದ ನಗುವೇ ಹೆಚ್ಚು ನೋಯಿಸುವುದು. ಪಕ್ಕದಲ್ಲಿ ಇದ್ದವರು ಅಣಕಿಸಿದರೆ, ಅವರಿಗೆ ಉಪದೇಶ ಮಾಡುವುದಕ್ಕಿಂತ ಮಾತಾಡುತ್ತಿದ್ದವರ ಕಡೆ ತಿರುಗಿ ‘ನೀವು ಹೇಳ್ತಾ ಇದ್ದಿರಲ್ಲ, ಆಮೇಲೇನಾಯ್ತು?’ ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ.

ಪತ್ರಿಕೆಗಳಿಗೂ ಒಂದು ಕೋರಿಕೆ ಇದೆ. ಕನ್ನಡಿಗರ ಹೇಳಿಕೆ ಅಚ್ಚಾಗುವಾಗ ಆಡುಮಾತಿನ ಏರುಪೇರುಗಳನ್ನು ತಿದ್ದಿ ಹಾಕುವುದು ರೂಢಿ. ಪರಭಾಷಿಕರ ಮಾತನ್ನು ಮಾತ್ರ ‘ನಾನು ಹಲ್ಲಿಯಿಂದ ಬಂದೆ’ ಎಂದು ತಪ್ಪು ಉಚ್ಚಾರಣೆಯ ಸಮೇತ ಬರೆಯುವುದನ್ನು ವರದಿ, ಅಂಕಣ, ವ್ಯಂಗ್ಯಚಿತ್ರಗಳಲ್ಲಿ ಕಾಣಬಹುದು. ಉಚ್ಚಾರಣೆಯೇ ಸುದ್ದಿಯ ವಿಷಯವಲ್ಲದಿದ್ದರೆ, ಅವರ ಮಾತನ್ನೂ ಎಲ್ಲರ ಮಾತಿನಂತೆ ತಿದ್ದಿ ಅಚ್ಚು ಹಾಕಬೇಕೆಂದು ತಮ್ಮ ಸಂಪಾದಕೀಯ ಬಳಗವನ್ನು ವಿನಂತಿಸುತ್ತೇವೆ.

– ವಯಸ್ಕರಿಗೆ ಎರಡನೇ ಭಾಷೆ ಕಲಿಸುವ ಕೆಲವು ಶಿಕ್ಷಕರು