ಬೀಚು ಸರಿ, ನಡುಹಗಲಿನಲ್ಲಿ ಏನು ಮಾಡುತ್ತೀರಿ?

ಧಾರವಾಡ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ಕ್ಯಾಲೆಂಡರ್, ಡೈರಿ ಕೆಲಸವೆಲ್ಲ ಮುಗಿದು ನಿನ್ನ ಪ್ರೆಸ್ಸಿಗೆ ಸ್ವಲ್ಪ ಬಿಡುವು ಸಿಗುವುದು ಜನವರಿಯಲ್ಲೇ. ಆಗ ಗೋಕರ್ಣದ ಕಡೆ, ಜನರೇ ಇಲ್ಲದ ಒಂದು ಬೀಚಿನಲ್ಲಿ ನಾಲ್ಕು ದಿನ ಸುಮ್ನೆ ಬಿದ್ದಿರಬೇಕು ಅಂದಿದ್ದೀಯ. ಜೊತೆಗೆ ಅವ್ವ, ವೈನಿ, ಇಬ್ಬರು ಮಕ್ಕಳು. "ನಮಗ ಹೊಂದತೈತೇನು, ಖರೇ ಹೇಳು" ಅಂತ ಕೇಳಿದ್ದೀಯ. ಬೀಚು ಚೆಂದ ಇದೆಯಾ ಅಂತ ಕೇಳಿದ್ದರೆ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ಹೊಂದುತ್ತದಾ ಅಂದ್ರೆ ಮೊದಲು ನಿಮ್ಮ ಮನೆಯವರನ್ನು ನೋಡಬೇಕಾಗುತ್ತದೆ.

ನಮ್ಮ ಕಡೆಯವರು ಕರಾವಳಿಗೆ ಹೋಗುವ ರೀತಿ ನಿನಗೆ ಗೊತ್ತೇ ಇದೆ. ರಾತ್ರಿ ಟೆಂಪೋ ಹತ್ತಿದರೆ ಬೆಳಿಗ್ಗೆ ಮಹಾಬಲೇಶ್ವರನ ದರ್ಶನ, ಮಧ್ಯಾಹ್ನ ಇಡಗುಂಜಿ, ಸಂಜೆ ಮುರ್ಡೇಶ್ವರ, ಮರುದಿನ ಜೋಗ ನೋಡಿಕೊಂಡು ವಾಪಸ್. ಸಮುದ್ರಕ್ಕೆ ಸಿಗುವುದು ಪ್ಯಾಂಟು ಮಡಚಿ ಫೋಟೋ ತೆಗೆಸಿಕೊಳ್ಳುವಷ್ಟು ಹೊತ್ತು. ಇದನ್ನು ನಾನು ಆಡಿಕೊಳ್ಳುತ್ತಿಲ್ಲ. ಅವ್ವನಿಗೆ ಬಹುಶಃ ಇದೇ ಜಾಸ್ತಿ ಇಷ್ಟ. ಆದ್ರೆ ನೀನು ಕೇಳುತ್ತಿರುವುದು ಒಂದೇ ಕಡೆ ಕೂರುವ ರಜೆ. ಅದಕ್ಕೆ ಬೇರೆಯೇ ಸ್ವಭಾವ ಬೇಕು.

ಬೀಚಿನಲ್ಲಿ ಬೆಳಿಗ್ಗೆ ಒಂಬತ್ತರವರೆಗೆ ಸ್ವರ್ಗ. ಸಂಜೆ ನಾಲ್ಕೂವರೆ ಆದ ಮೇಲೆ ಮತ್ತೆ ಸ್ವರ್ಗ. ನಡುವಿನ ಏಳೆಂಟು ತಾಸನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಜನವರಿಯಲ್ಲೂ ಅಲ್ಲಿ ಹಗಲು 30 ಡಿಗ್ರಿ ದಾಟುತ್ತದೆ, ಮರಳಿನ ಮೇಲೆ ಬರಿಗಾಲು ಇಡಲಾಗುವುದಿಲ್ಲ. ನಿಮ್ಮ ಗದಗಿನ ಬಿಸಿಲು ಒಣ ಬಿಸಿಲು, ಬೇವಿನ ನೆರಳು ಸಿಕ್ಕರೆ ಸಾಕು. ಅಲ್ಲಿ ನೆರಳಲ್ಲಿ ಕೂತರೂ ಬೆವರು ಆರುವುದಿಲ್ಲ. ಜನ ಇಲ್ಲದ ಬೀಚು ಅಂದ್ರೆ ಅಂಗಡಿ ಇಲ್ಲ, ನೋಡಲು ಇನ್ನೇನೂ ಇಲ್ಲ, ಹಲವು ಕಡೆ ನೆಟ್‌ವರ್ಕೂ ಸರಿಯಾಗಿ ಇಲ್ಲ. ಆ ಹೊತ್ತಿನಲ್ಲಿ ನೀನು ಮಲಗುತ್ತೀಯ, ವೈನಿ ಏನಾದರೂ ಓದುತ್ತಾರೆ. ದೊಡ್ಡವನು? ಅವ್ವ?

ರೂಮು ಬುಕ್ ಮಾಡುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡು. ಬರುವ ಭಾನುವಾರ ಒಂಬತ್ತರಿಂದ ನಾಲ್ಕರವರೆಗೆ ಟಿವಿ ಬೇಡ, ವೈಫೈ ಬೇಡ, ಹೊರಗೆ ಹೋಗುವುದೂ ಬೇಡ. ಮೊದಲು ಯಾರು ಸಿಟ್ಟಿಗೇಳುತ್ತಾರೆ ನೋಡು. ನನ್ನ ಅಂದಾಜು: ನೀನೇ.

ಈಗ ಜಾಗದ ಮಾತು. ಗೋಕರ್ಣ ಊರಿನಿಂದ ದಕ್ಷಿಣಕ್ಕೆ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚುಗಳು ಸಾಲಾಗಿ ಇವೆ. ನೀನು ಕಳಿಸಿದ ಫೋಟೋ ಹಾಫ್ ಮೂನ್ ಬೀಚಿನದು. ಅಲ್ಲಿಗೆ ಗುಡ್ಡ ಹತ್ತಿಳಿದು ನಡೆಯಬೇಕು, ಇಲ್ಲವೇ ದೋಣಿ. ನಿಶ್ಶಬ್ದ ಇರುವುದೇ ಅದಕ್ಕೆ. ಮೊಣಕಾಲು ನೋವಿರುವ ಅವ್ವನನ್ನು ಆ ಕಲ್ಲು ದಾರಿಯಲ್ಲಿ ಕರೆದೊಯ್ಯುತ್ತೀಯಾ? ಸರಿ, ಹಗಲು ಹೇಗೋ ತಲುಪಿದಿರಿ. ರಾತ್ರಿ ಅವರಿಗೆ ಬಿಪಿ ಏರಿದರೆ? ಉತ್ತರ ಕನ್ನಡದವರು ತಮ್ಮ ಜಿಲ್ಲೆಗೆ ಒಂದು ದೊಡ್ಡ ಆಸ್ಪತ್ರೆ ಬೇಕು ಅಂತ ವರ್ಷಗಟ್ಟಲೆ ಕೂಗುತ್ತಿದ್ದಾರೆ. ದೊಡ್ಡ ಕಾಯಿಲೆಗೆ ಅವರೇ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಬೇಕು. ಹಾಫ್ ಮೂನ್‌ಗೆ ನೀನೂ ವೈನಿಯೂ ಇನ್ನೊಮ್ಮೆ ಇಬ್ಬರೇ ಹೋಗಿ. ಓಂ, ಕುಡ್ಲೆ ಪರವಾಗಿಲ್ಲ. ಆದ್ರೆ ಶನಿವಾರ-ಭಾನುವಾರ ಅರ್ಧ ಬೆಂಗಳೂರು ಅಲ್ಲೇ ಇರುತ್ತದೆ, ಉಳಿದ ಜಾಗದಲ್ಲಿ ನಮ್ಮ ಹುಬ್ಬಳ್ಳಿ ಹುಡುಗರು.

ನೀರಿನ ವಿಷಯದಲ್ಲಿ ಮಾತ್ರ ನಾನು ಹೆದರಿಸಿಯೇ ಹೇಳುತ್ತೇನೆ. ಬಾವಿ, ಕೆರೆಯಲ್ಲಿ ಈಜು ಕಲಿತವರು ನಾವು. ಕೆರೆಯ ನೀರು ನಮ್ಮನ್ನು ಎಲ್ಲಿಗೂ ಎಳೆದೊಯ್ಯುವುದಿಲ್ಲ. ಸಮುದ್ರದಲ್ಲಿ ದಡಕ್ಕೆ ಬಂದ ಅಲೆಯ ನೀರು ಎಲ್ಲೋ ಒಂದು ಕಡೆಯಿಂದ ವಾಪಸ್ ಹೋಗಲೇಬೇಕು, ಹೋಗುವ ಜಾಗದಲ್ಲಿ ಜೋರು ಸೆಳವು ಇರುತ್ತದೆ. ಮೋಸ ಏನಂದ್ರೆ, ಅಲ್ಲಿ ಅಲೆ ಒಡೆಯುವುದು ಕಡಿಮೆ. ಹಾಗಾಗಿ ನೋಡಲು ಅದೇ ಶಾಂತವಾಗಿ ಕಾಣುತ್ತದೆ, ಮಕ್ಕಳೂ ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಬಿದ್ದವರು ನೇರ ದಡದ ಕಡೆ ಈಜಿ ಸುಸ್ತಾಗಿ ಮುಳುಗುತ್ತಾರೆ. ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ ಸೆಳವಿನಿಂದ ಹೊರಬರಬೇಕು. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ಹುಡುಗಿಯರು ನೀರುಪಾಲಾದದ್ದು ನೆನಪಿದೆಯಲ್ಲ? ಅಷ್ಟು ಜನ ಸೇರುವ ಕಡೆ ಹಾಗಾಯಿತು. ಜನ ಇಲ್ಲದ ಬೀಚಿನಲ್ಲಿ ಲೈಫ್‌ಗಾರ್ಡೂ ಇರುವುದಿಲ್ಲ, ಕೂಗಿದರೆ ಕೇಳುವವರೂ ಇರುವುದಿಲ್ಲ. ನಿನ್ನ ಮಗಳಿಗೆ ಮೊಣಕಾಲಿನ ಮೇಲೆ ನೀರು ಬರಬಾರದು, ನೀನು ಪಕ್ಕದಲ್ಲೇ ಇರಬೇಕು. ಫೋನು ರೂಮಿನಲ್ಲಿರಲಿ.

ಫೋಟೋ ನೋಡಿ ರೂಮು ಹಿಡಿಯಬೇಡ. ನಾವು ಹೋದ ಒಂದು ಹೋಮ್‌ಸ್ಟೇಯ ಫೋಟೋದಲ್ಲಿ ಎದುರಿಗೆ ಮೈದಾನದಷ್ಟು ಮರಳಿತ್ತು. ಹೋಗಿ ನೋಡಿದರೆ ನೀರು ಮೆಟ್ಟಿಲಿಗೇ ಬಡಿಯುತ್ತಿತ್ತು. ಅದು ಅಮಾವಾಸ್ಯೆಯ ಆಸುಪಾಸು. ಹುಣ್ಣಿಮೆ, ಅಮಾವಾಸ್ಯೆಗೆ ಉಬ್ಬರ ಜಾಸ್ತಿ, ಇಳಿತವೂ ಜಾಸ್ತಿ. ಒಂದು ಉಬ್ಬರಕ್ಕೂ ಮುಂದಿನ ಇಳಿತಕ್ಕೂ ಆರು ತಾಸಿನ ಮೇಲೆ ಸ್ವಲ್ಪ ಅಂತರ. ಅದಕ್ಕೇ ಉಬ್ಬರದ ಹೊತ್ತು ದಿನವೂ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ಇವತ್ತು ಸಂಜೆ ಅಗಲವಾಗಿದ್ದ ಬೀಚು ವಾರದ ನಂತರ ಅದೇ ಹೊತ್ತಿಗೆ ಮಾಯ ಆಗಿರುತ್ತದೆ. ಕ್ಯಾಲೆಂಡರ್ ಅಚ್ಚು ಹಾಕುವವನಿಗೆ ತಿಥಿ ನಾನೇನು ಹೇಳುವುದು!

ಗೋವಾದ ಅಗೋಂದ ಅಂತಲೂ ಬರೆದಿದ್ದೀಯ. ಬೀಚು ಉದ್ದ, ಶಾಂತ, ಆಮೆಗಳು ಮೊಟ್ಟೆ ಇಡುವ ಜಾಗ. ಆದ್ರೆ ಅವ್ವನಿಗೆ ಊಟದ ಪರದಾಟ, ಭಾಷೆಯ ಪರದಾಟ. ಬಿಟ್ಟುಬಿಡು.

ನನ್ನನ್ನು ಕೇಳಿದರೆ ಹೊನ್ನಾವರದ ಕಾಸರಕೋಡಿಗೆ ಹೋಗಿ. ಶರಾವತಿ ಸಮುದ್ರ ಸೇರುವ ಊರು. 2020ರಲ್ಲಿ ಆ ಬೀಚಿಗೆ ಬ್ಲೂ ಫ್ಲ್ಯಾಗ್ ಸಿಕ್ಕಿತು, ಅಂದ್ರೆ ಸ್ವಚ್ಛ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ. ಗಾಳಿ ಮರಗಳ ನೆರಳಿದೆ, ಶೌಚಾಲಯ ಇದೆ, ಹೆದ್ದಾರಿ ಹತ್ತಿರ. ಪೂರ್ತಿ ನಿಶ್ಶಬ್ದ ಅಲ್ಲ, ಭಾನುವಾರ ಕುಟುಂಬಗಳು ಬರುತ್ತವೆ. ಆದ್ರೆ ನಿಮಗೆ ಬೇಕಾದಷ್ಟು ಶಾಂತ. ಮುಖ್ಯವಾಗಿ ಆ ನಡುಹಗಲಿಗೆ ಅಲ್ಲಿ ಉತ್ತರ ಇದೆ. ಶರಾವತಿಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಮರದ ಹಲಗೆಯ ದಾರಿ ಮಾಡಿದ್ದಾರೆ, ದೊಡ್ಡವನಿಗೆ ಹಿಡಿಸುತ್ತದೆ. ಇಡಗುಂಜಿ ಹತ್ತಿರ, ಮುರ್ಡೇಶ್ವರವೂ ದೂರವಲ್ಲ. ಒಂದು ದಿನ ಅವ್ವನಿಗೆ ದೇವರ ದರ್ಶನ ಆಗಿಬಿಟ್ಟರೆ ಉಳಿದ ದಿನ ನಿನ್ನನ್ನು ಯಾರೂ ಎಬ್ಬಿಸುವುದಿಲ್ಲ. ಅಪ್ಸರಕೊಂಡದ ಗುಡ್ಡದ ಮೇಲಿಂದ ಸೂರ್ಯ ಮುಳುಗುವುದನ್ನೂ ನೋಡಬಹುದು. ಚಳಿಗಾಲದಲ್ಲಿ ಆ ತೀರಕ್ಕೂ ಕಡಲಾಮೆ ಬಂದು ಮೊಟ್ಟೆ ಇಡುತ್ತದೆ. ಮಗಳಿಗೆ ಹೇಳು, ಆದ್ರೆ ಕತ್ತಲಲ್ಲಿ ಟಾರ್ಚ್ ಬಿಟ್ಟುಕೊಂಡು ಹುಡುಕಲು ಹೋಗಬೇಡಿ. ಬೆಳಕು ಕಂಡರೆ ಅವು ಮೊಟ್ಟೆ ಇಡದೆ ವಾಪಸ್ ಹೋಗುತ್ತವೆ.

ದಿನ ಆರಿಸುವಾಗ ಸಂಕ್ರಾಂತಿಯನ್ನೂ ಜನವರಿ 26ರ ರಜೆಯನ್ನೂ ತಪ್ಪಿಸು. ಸೋಮವಾರದಿಂದ ಗುರುವಾರ ಉತ್ತಮ. ಮಕ್ಕಳ ಶಾಲೆ ತಪ್ಪುತ್ತದೆ, ಆ ಜಗಳ ವೈನಿ ಹತ್ತಿರ ನೀನೇ ಮುಗಿಸಿಕೋ. ಬಸ್ಸಿಗೆ ಹೋದರೆ ಶಕ್ತಿ ಯೋಜನೆಯಲ್ಲಿ ಅವ್ವನಿಗೂ ವೈನಿಗೂ ಟಿಕೆಟ್ ದುಡ್ಡಿಲ್ಲ. ಆದ್ರೆ ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟದ ತಿರುವುಗಳಲ್ಲಿ ಅವ್ವನಿಗೆ ವಾಂತಿ ಗ್ಯಾರಂಟಿ. ಶಿರಸಿ ಮೇಲೆ ಹೋದರೂ ದೇವಿಮನೆ ಘಟ್ಟ ಇದ್ದೇ ಇದೆ. ಕಾರು ಮಾಡಿ, ಹಗಲಲ್ಲೇ ಘಟ್ಟ ಇಳಿಯಿರಿ. ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಿ ಅಂತ ನಾನು ಹೇಳುವುದೇ ಬೇಡ, ಅವ್ವ ಈಗಾಗಲೇ ಡಬ್ಬಿ ತೊಳೆದಿಟ್ಟಿರುತ್ತಾರೆ.

ರೂಮಿನವರಿಗೆ ಫೋನು ಮಾಡಿದಾಗ ಮೂರು ಮಾತು ಕೇಳು. ಗಾಡಿ ಬಾಗಿಲವರೆಗೆ ಬರುತ್ತದಾ? ಕರೆಂಟು ಹೋದರೆ ಫ್ಯಾನು ತಿರುಗುತ್ತದಾ? ಪಕ್ಕದಲ್ಲಿ ಮೀನು ಒಣಗಿಸುತ್ತಾರಾ? ಮೂರನೆಯದನ್ನು ಮರೆಯಬೇಡ. ಒಣಮೀನಿನ ವಾಸನೆಗೆ ಅವ್ವ ಒಂದು ರಾತ್ರಿಯೂ ನಿಲ್ಲುವುದಿಲ್ಲ. ಮೀನುಗಾರರು ಒಣಗಿಸುವುದು ಅವರ ಹೊಟ್ಟೆಪಾಡು, ನಾವೇ ಸ್ವಲ್ಪ ದೂರ ರೂಮು ಹಿಡಿದರಾಯಿತು.

ಅವ್ವನಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ