ಪ್ರವೇಶ ಉಚಿತ ಅಂದರೆ ದುಡ್ಡು ಯಾರದ್ದು? ಮಗಳಿಗೊಂದು ಪತ್ರ

ಧಾರವಾಡ

ಪ್ರೀತಿಯ ಮಗಳೇ,

ನೀನು ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಕಲಾ ಆಡಳಿತದ ಕೋರ್ಸಿಗೆ ಅರ್ಜಿ ಹಾಕುತ್ತಿರುವ ಸುದ್ದಿ ಬಳಗದಲ್ಲೆಲ್ಲ ಹಬ್ಬಿದೆ. ನಿಮ್ಮ ಕಾಕಾ ಬಂದವರೇ, "ಇಷ್ಟು ವರ್ಷ ಖ್ಯಾಲ್ ಕಲಿತು ಈಗ ಶಾಮಿಯಾನ ಹಾಕಿಸೋ ಡಿಗ್ರಿ ಏನು?" ಅಂದರು. ನಾನು ಚಹಾ ಕೊಟ್ಟು ಸುಮ್ಮನಾದೆ. ಅವರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಆದರೆ ಶಾಮಿಯಾನ ಹಾಕಿಸುವುದೂ ಹುಡುಗಾಟದ ಕೆಲಸ ಅಲ್ಲ ಅಂತ, ಸಂಗೀತ ಸಭಾದ ಲೆಕ್ಕ ಬರೆಯುವ ನನಗೆ ಗೊತ್ತು. ಅದಕ್ಕೇ ಈ ಪತ್ರ.

ಕೋರ್ಸಿನ ವಿವರ ಓದಿದೆ. ಅದನ್ನು ನಡೆಸುವ ಸಿಬೆಲಿಯಸ್ ಅಕಾಡೆಮಿ 1882ರಲ್ಲಿ ಶುರುವಾದ ಸಂಗೀತ ಶಾಲೆ, 2013ರಿಂದ ಹೆಲ್ಸಿಂಕಿಯ ಕಲಾ ವಿಶ್ವವಿದ್ಯಾಲಯದ ಭಾಗ. ಸ್ನಾತಕೋತ್ತರ ಓದು ಎರಡು ವರ್ಷ, 120 ಕ್ರೆಡಿಟ್. ಶುಲ್ಕ, ವೀಸಾ ಎಲ್ಲ ನಿಮ್ಮ ಅಪ್ಪ ನೋಡುತ್ತಾರೆ. ನನಗೆ ಹಿಡಿಸಿದ್ದು ಬೇರೆ. ಕಲಾ ಆಡಳಿತವನ್ನು ಅಲ್ಲಿ ಎಂಬಿಎ ಕಾಲೇಜಿನಲ್ಲಿ ಕಲಿಸುವುದಿಲ್ಲ, ಹಾಡುವವರು ನುಡಿಸುವವರು ಕಲಿಯುವ ಜಾಗದಲ್ಲೇ ಕಲಿಸುತ್ತಾರೆ. 2011ರಲ್ಲಿ ತೆರೆದ ಹೆಲ್ಸಿಂಕಿ ಸಂಗೀತ ಭವನದಲ್ಲಿ ಎರಡು ದೊಡ್ಡ ಆರ್ಕೆಸ್ಟ್ರಾಗಳ ಜೊತೆ ಈ ಅಕಾಡೆಮಿಗೂ ಜಾಗ ಇದೆ. ಯಾರಿಗಾಗಿ ಬಜೆಟ್ ಮಾಡುತ್ತೀಯೋ ಅವರ ಮುಖ ದಿನಾ ಕಣ್ಣಿಗೆ ಬೀಳಬೇಕು. ಇಲ್ಲದಿದ್ದರೆ ಅವರು ಬರೀ ಖರ್ಚಿನ ಬಾಬ್ತು ಆಗಿಬಿಡುತ್ತಾರೆ.

ಖರ್ಚಿನ ಮಾತು ಬಂತಲ್ಲ, ನಮ್ಮ ಸಭಾದ ಲೆಕ್ಕದ ಪುಸ್ತಕದ ಯಾವ ಪುಟ ಬೇಕಾದರೂ ತೆಗೆದು ನೋಡು. ಮೊದಲು ಹಾಲಿನ ಬಾಡಿಗೆ. ಆಮೇಲೆ ಮೈಕಿನವರು, ಕಾರ್ಡು, ಫ್ಲೆಕ್ಸು, ಹಾರ, ಶಾಲು, ನೆನಪಿನ ಕಾಣಿಕೆ, ಚಹಾ, ಅವಲಕ್ಕಿ, ಗಾಯಕರ ರೈಲು ಟಿಕೆಟ್, ಅವರ ಗೌರವಧನ. ಪುಟದ ತಳದಲ್ಲಿ, ಉಳಿದ ಜಾಗದಲ್ಲಿ, ಸಾಥ್‌ಗೆ ಬಂದ ತಬಲಾದವರು ಮತ್ತು ಹಾರ್ಮೋನಿಯಂನವರು. ತಂಬೂರಿ ಹಿಡಿದು ಹಿಂದೆ ಕೂತ ಹುಡುಗಿಯರ ಹೆಸರಿಗೆ ಸಾಲೇ ಇಲ್ಲ. ನೀನೂ ಹಾಗೆ ಕೂತವಳೇ ಅಲ್ವಾ? ಭಾಷಣ ಮಾಡಿ, ಹಾಡು ಶುರುವಾಗುವ ಮೊದಲೇ ಎದ್ದು ಹೋಗುವ ಮುಖ್ಯ ಅತಿಥಿಗಳ ಶಾಲಿಗೆ ಮಾತ್ರ ಬೇರೆ ಸಾಲು.

ಕಾರ್ಡಿನ ಮೇಲೆ "ಪ್ರವೇಶ ಉಚಿತ, ಸರ್ವರಿಗೂ ಆದರದ ಸ್ವಾಗತ" ಅಂತ ಅಚ್ಚು ಹಾಕಿಸುತ್ತೇವೆ. ಉಚಿತ ಅಂದರೆ ಯಾರೂ ದುಡ್ಡು ಕೊಡಲಿಲ್ಲ ಅಂತಲ್ಲ. ಕೂತು ಕೇಳಿದ ನಾವು ಕೊಡಲಿಲ್ಲ, ಅಷ್ಟೇ. ಕಮ್ಮಿ ತಗೊಂಡು, ಬೇಜಾರು ತೋರಿಸದೆ, ರಾತ್ರಿ ಬಸ್ಸು ಹತ್ತಿದ ತಬಲಾದವರು ನಮ್ಮೆಲ್ಲರ ಪರವಾಗಿ ಕೊಟ್ಟರು.

ಇದು ಬರೀ ನಮ್ಮೂರಿನ ಜಿಪುಣತನ ಅಲ್ಲ. ಬೌಮೋಲ್ ಮತ್ತು ಬೋವೆನ್ ಎಂಬ ಅಮೆರಿಕದ ಇಬ್ಬರು ಅರ್ಥಶಾಸ್ತ್ರಜ್ಞರು 1966ರಲ್ಲೇ ಇದರ ಕಾರಣ ಬಿಡಿಸಿ ಹೇಳಿದ್ದಾರೆ. ಕಾರ್ಖಾನೆಗೆ ಹೊಸ ಯಂತ್ರ ಬಂದರೆ ಅಷ್ಟೇ ಜನ ಜಾಸ್ತಿ ಮಾಲು ತೆಗೆಯುತ್ತಾರೆ, ಸಂಬಳವೂ ಏರುತ್ತದೆ. ನಾಲ್ವರು ನುಡಿಸಬೇಕಾದ ಕೃತಿಗೆ ಇನ್ನೂರು ವರ್ಷದ ಹಿಂದೆಯೂ ನಾಲ್ವರೇ ಬೇಕಿತ್ತು, ಈಗಲೂ ನಾಲ್ವರೇ ಬೇಕು. ಹಿಡಿಯುವ ಹೊತ್ತೂ ಅಷ್ಟೇ. ನಿಧಾನವಾಗಿಯೇ ಹಾಡಬೇಕಾದ ವಿಲಂಬಿತ ಖ್ಯಾಲನ್ನು ಸ್ವಲ್ಪ ಬೇಗ ಮುಗಿಸಿ ಅನ್ನೋಕಾಗುತ್ತಾ? ಆದರೆ ಕಲಾವಿದರ ಮನೆ ಬಾಡಿಗೆ, ಅಕ್ಕಿ, ಬೇಳೆ ಊರಿನವರ ರೇಟಿನಲ್ಲೇ ಏರುತ್ತವೆ. ಹಾಗಾಗಿ ಟಿಕೆಟ್ ದುಡ್ಡೊಂದನ್ನೇ ನಂಬಿ ಕೂತರೆ ಸಾಲುವುದಿಲ್ಲ. ಆ ಕೊರತೆಯನ್ನು ಯಾರು ತುಂಬಬೇಕು? ನೀನು ಎರಡು ವರ್ಷ ಏನೇ ಓದಿದರೂ ಕೊನೆಗೆ ಈ ಪ್ರಶ್ನೆಗೇ ಬಂದು ನಿಲ್ಲುತ್ತೀಯ.

ಫಿನ್ಲೆಂಡಿನಲ್ಲಿ ಆರ್ಕೆಸ್ಟ್ರಾಗಳಿಗೆ ಸರ್ಕಾರ ಕಾನೂನಿನ ಪ್ರಕಾರವೇ ಹಣ ಕೊಡುತ್ತದೆ, ಊರಿನ ಪುರಸಭೆಯೂ ಕೈ ಜೋಡಿಸುತ್ತದೆ. ಅದನ್ನು ನೋಡಿ ಮರುಳಾಗಬೇಡ. ವಾಪಸ್ ಬಂದಾಗ ಆ ದುಡ್ಡು ನಿನ್ನ ಜೊತೆ ವಿಮಾನ ಹತ್ತುವುದಿಲ್ಲ. ಅದರ ಬದಲು ಒಂದು ಜುಲೈನಲ್ಲಿ ಕುಹ್ಮೊಗೆ ಹೋಗಿ ಬಾ. ರಷ್ಯಾ ಗಡಿ ಹತ್ತಿರದ ಸಣ್ಣ ಊರು ಅದು. ಸೆಪ್ಪೊ ಕಿಮಾನೆನ್ ಎಂಬ ಚೆಲ್ಲೊ ವಾದಕರು 1970ರಲ್ಲಿ ಅಲ್ಲಿ ಚೇಂಬರ್ ಸಂಗೀತದ, ಅಂದರೆ ಕೆಲವೇ ವಾದಕರು ಕೂತು ನುಡಿಸುವ ಸಂಗೀತದ, ಉತ್ಸವ ಶುರು ಮಾಡಿದರು. ಶಾಲೆಯಲ್ಲೂ ಚರ್ಚಿನಲ್ಲೂ ಕಛೇರಿ ನಡೆಯುತ್ತವಂತೆ.

ಓದುತ್ತಿದ್ದಂತೆ ನನಗೆ ಕುಂದಗೋಳದ ನಾಡಿಗೇರ ವಾಡೆಯ, ಆ ಹಳೇ ದೊಡ್ಡಮನೆಯ, ಯೋಚನೆ ಬಂತು. ಅದು ಹಿಂದೂಸ್ತಾನಿ ಗಾಯಕ ಸವಾಯಿ ಗಂಧರ್ವರ ಊರು, ಗಂಗೂಬಾಯಿ ಹಾನಗಲ್ ಅವರೂ ಭೀಮಸೇನ ಜೋಶಿಯವರೂ ಅವರ ಕೈಕೆಳಗೆ ಕಲಿತ ಜಾಗ. ಭೀಮಸೇನರು ಅದೇ ಗುರುವಿನ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಉತ್ಸವಕ್ಕೆ ಈಗ ಸಾವಿರಾರು ಜನ ಟಿಕೆಟ್ ತಗೊಂಡು ಬರುತ್ತಾರೆ. ಇಲ್ಲಿ ಟಿಕೆಟ್ಟಿಲ್ಲದೆ ವಾಡೆಯೊಳಗೆ ಕೂತು ರಾತ್ರಿಯಿಡೀ ಕೇಳಿದ ರೂಢಿ. ಗುರು ಒಬ್ಬರೇ, ಹಣಕಾಸಿನ ದಾರಿ ಎರಡು. ಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದರೆ ಇದನ್ನು ತಗೋ. ನಿಮ್ಮ ಪ್ರೊಫೆಸರಿಗೂ ಹೊಸದಾಗಿರುತ್ತದೆ.

ರಾತ್ರಿಯಿಡೀ ಅಂದೆನಲ್ಲ, ಅದೂ ಈಗ ಆಡಳಿತದ ವಿಷಯವೇ. ಪುಣೆಯಲ್ಲೂ ಮೊದಲು ಬೆಳಗಾಗುವ ತನಕ ಹಾಡುತ್ತಿದ್ದರು. 2000ದ ಶಬ್ದಮಾಲಿನ್ಯ ನಿಯಮ ಬಂದ ಮೇಲೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಸರ್ಕಾರ ಮನಸ್ಸು ಮಾಡಿದರೆ ವರ್ಷಕ್ಕೆ 15 ದಿನ ಮಾತ್ರ 12ರ ತನಕ ಬಿಡಬಹುದು. ಅಲ್ಲಿಗೆ ದರಬಾರಿ, ಮಾಲಕಂಸದಂಥ ನಡುರಾತ್ರಿಯ ರಾಗಗಳ ಹೊತ್ತು ಶುರುವಾಗುವ ಮೊದಲೇ ಮೈಕು ಬಂದ್! ಮುಚ್ಚಿದ ಸಭಾಂಗಣಕ್ಕೆ ಈ ನಿರ್ಬಂಧ ಇಲ್ಲ. ಆದರೆ ಅದರ ಬಾಡಿಗೆ ಬಯಲಿನ ಬಾಡಿಗೆಯಲ್ಲ. ಯಾವ ರಾಗ ಎಷ್ಟು ಹೊತ್ತಿಗೆ ಅನ್ನುವುದನ್ನು ಬಲ್ಲವಳು ಈ ನಿಯಮವನ್ನೂ ಬಲ್ಲವಳಾದರೆ ಕಾರ್ಯಕ್ರಮದ ಪಟ್ಟಿಯೇ ಬೇರೆಯಾಗುತ್ತದೆ. ನಿಮ್ಮ ಕಾಕಾಗೆ ಇದನ್ನು ಹೇಳಬೇಕಿತ್ತು, ಆಗ ಹೊಳೆಯಲಿಲ್ಲ.

ನಮ್ಮ ದೇಶದ ಕಾನೂನುಗಳನ್ನೂ ಅಲ್ಲಿಗೆ ಹೋಗುವ ಮೊದಲೇ ಓದಿಕೋ. ಶಾಸ್ತ್ರೀಯ, ಜಾನಪದ ಕಲಾವಿದರ ಒಂದು ಕಾರ್ಯಕ್ರಮದ ಸಂಭಾವನೆ ಒಂದೂವರೆ ಲಕ್ಷದ ಒಳಗಿದ್ದರೆ ಜಿಎಸ್‌ಟಿ ಇಲ್ಲ, 500 ರೂಪಾಯಿವರೆಗಿನ ಕಛೇರಿ ಟಿಕೆಟ್ಟಿಗೂ ಇಲ್ಲ. ಇದು ಗೊತ್ತಿಲ್ಲದೆ ಟಿಕೆಟ್ ಇಡಲು ಹೆದರುವ ಸಭಾಗಳಿವೆ. ಹಕ್ಕುಸ್ವಾಮ್ಯವೂ ಹಾಗೇ. 12ನೇ ಶತಮಾನದ ವಚನವನ್ನು ಯಾರು ಬೇಕಾದರೂ ಹಾಡಬಹುದು. ಅದಕ್ಕೆ ಈಚೆಗೆ ಕೂಡಿಸಿದ ಧಾಟಿ ಮಾತ್ರ ಸಂಯೋಜಕರದು, ಅವರು ತೀರಿಕೊಂಡು 60 ವರ್ಷದವರೆಗೂ ಅದಕ್ಕೆ ಹಕ್ಕಿದೆ.

ರಿಯಾಜ್ ಬಿಡಬೇಡ. ಹಾಡುವವರ ಗಂಟಲಿಗೆ ಎಷ್ಟು ಹೊತ್ತಿಗೆ ಬಿಸಿನೀರು ಬೇಕು ಅನ್ನುವುದನ್ನು ಯಾವ ಕೋರ್ಸೂ ಹೇಳಿಕೊಡುವುದಿಲ್ಲ.

ಅರ್ಜಿ ಜೊತೆ ಹಾಕುವ ಬರಹವನ್ನು ಈ ವಾರದೊಳಗೆ ಕಳಿಸು, ಒಮ್ಮೆ ಕಣ್ಣಾಡಿಸುತ್ತೇನೆ. "ಸಂಗೀತವೇ ನನ್ನ ಉಸಿರು" ಅಂತ ಶುರು ಮಾಡಬೇಡ, ಅರ್ಜಿ ಹಾಕುವವರೆಲ್ಲ ಹಾಗೇ ಬರೆಯುತ್ತಾರೆ. ತಂಬೂರಿ ಹಿಡಿದು ಕೂತ ದಿನಗಳಲ್ಲಿ ನಿನಗೆ ಎಷ್ಟು ಕೊಟ್ಟರು, ಎಷ್ಟು ಕೊಡಬೇಕಿತ್ತು, ಆ ದುಡ್ಡು ಎಲ್ಲಿಂದ ಬರಬಹುದಿತ್ತು ಅಂತ ಬರೆ. ಅಂಕಿ ಬೇಕಾದರೆ ಕೇಳು, ಪುಸ್ತಕ ನನ್ನ ಹತ್ತಿರವೇ ಇದೆ.

ಇಂತಿ ನಿನ್ನ
ಅಮ್ಮ